2018–19ರ ಚಾಂಪಿಯನ್ಸ್ ಲೀಗ್ ನಾಕೌಟ್: ಅವೇ ಗೋಲಿನ ಲೆಕ್ಕ ಯಾರನ್ನು ದಾಟಿಸಿತು, ಯಾರನ್ನು ಮುಳುಗಿಸಿತು?

ಅಂಚುಗೆರೆ

ಈಚೆಗೆ ಚಾಂಪಿಯನ್ಸ್ ಲೀಗ್ ನೋಡಲು ಶುರು ಮಾಡಿದವರು ಹಳೆಯ ಸ್ಕೋರುಗಳನ್ನು ತೆಗೆದಾಗ ತಲೆ ಕೆರೆದುಕೊಳ್ಳುವುದು ಇದೇ ಋತುವಿನಲ್ಲಿ. ಪಿಎಸ್‌ಜಿ–ಮ್ಯಾಂಚೆಸ್ಟರ್ ಯುನೈಟೆಡ್ ಒಟ್ಟು 3–3. ಮ್ಯಾಂಚೆಸ್ಟರ್ ಸಿಟಿ–ಟಾಟನ್‌ಹ್ಯಾಮ್ 4–4. ಅಯಾಕ್ಸ್–ಟಾಟನ್‌ಹ್ಯಾಮ್ 3–3. ಮೂರರಲ್ಲೂ ಹೆಚ್ಚುವರಿ ಸಮಯವಿಲ್ಲ, ಶೂಟೌಟ್ ಇಲ್ಲ, ಆದರೂ ಒಂದು ತಂಡ ಮುಂದಕ್ಕೆ ಹೋಗಿದೆ.

ಕಾರಣ ಅವೇ ಗೋಲ್ (ಎದುರಾಳಿಯ ಅಂಗಣದಲ್ಲಿ ಹೊಡೆದ ಗೋಲು) ನಿಯಮ ಅನ್ನುವುದು ಎಲ್ಲರಿಗೂ ಗೊತ್ತು. ಪ್ರಶ್ನೆ ಬೇರೆ. ಆ ನಿಯಮ ಪಂದ್ಯದ ನಡುವೆ ಕೋಚ್‌ಗಳ ತೀರ್ಮಾನವನ್ನು ಹೇಗೆ ತಿರುಗಿಸುತ್ತಿತ್ತು? ಅವೇ ಗೋಲಿಗೆ ವಿಶೇಷ ಲೆಕ್ಕವಿಲ್ಲದ ಈಗಿನ ನಿಯಮ ಇದ್ದಿದ್ದರೆ ಲಿವರ್‌ಪೂಲ್–ಸ್ಪರ್ಸ್ (ಟಾಟನ್‌ಹ್ಯಾಮ್) ಫೈನಲ್ ಆಗುತ್ತಿತ್ತೇ? ಪಂದ್ಯ, ನಿಮಿಷ, ಸ್ಕೋರು ಸಮೇತ ಬರೆಯಿರಿ. "ಅದೃಷ್ಟ ಗುರು" ಅಂತ ಒಂದು ಸಾಲು ಹಾಕಿ ಓಡಬೇಡಿ.

ಲೆಕ್ಕದಪುಸ್ತಕ

ಮೊದಲು ಲೆಕ್ಕ ಹಾಕುವ ಕ್ರಮ. ಇದರಲ್ಲೇ ಬಹಳ ಜನ ಎಡವುತ್ತಾರೆ.

ಎರಡೂ ಲೆಗ್‌ಗಳ (ಒಂದು ತವರಲ್ಲಿ, ಒಂದು ಹೊರಗೆ ಆಡುವ ಪಂದ್ಯಗಳು) ಗೋಲು ಕೂಡಿಸಿ. ಯಾರದು ಹೆಚ್ಚೋ ಅವರು ಮುಂದೆ, ಅಲ್ಲಿಗೆ ಮುಗಿಯಿತು. ಒಟ್ಟು ಸಮವಾದರೆ ಮಾತ್ರ, ಹೊರ ಅಂಗಣದಲ್ಲಿ ಯಾರು ಹೆಚ್ಚು ಹೊಡೆದರು ಎಂದು ನೋಡಬೇಕು. ಅದೂ ಸಮವಾದರೆ ಎರಡನೇ ಲೆಗ್‌ನ ಕೊನೆಯಲ್ಲಿ 30 ನಿಮಿಷ ಹೆಚ್ಚುವರಿ ಆಟ. ಆ 30 ನಿಮಿಷದಲ್ಲೂ ಅತಿಥಿ ತಂಡದ ಗೋಲು ಅವೇ ಗೋಲೇ. ಅಂದರೆ ಅಲ್ಲಿ ಇಬ್ಬರೂ ಒಂದೊಂದು ಹೊಡೆದರೆ ಅತಿಥಿ ತಂಡ ಪಾಸ್. ಗೋಲೇ ಆಗದಿದ್ದರೆ ಮಾತ್ರ ಪೆನಾಲ್ಟಿ ಶೂಟೌಟ್.

"ಅವೇ ಗೋಲಿಗೆ ಎರಡರ ಬೆಲೆ" ಎಂದು ಲೆಕ್ಕ ಹಾಕುವವರಿಗೆ ಉತ್ತರ ತಪ್ಪಿಹೋಗುತ್ತದೆ. ಒಂದು ತಂಡ ಹೊರಗೆ 1–3 ಸೋತು ತವರಲ್ಲಿ 1–0 ಗೆದ್ದಿತು ಅನ್ನಿ. ಒಟ್ಟು 2–3, ಆ ತಂಡ ಮನೆಗೆ. ಹೊರಗಿನ ಗೋಲನ್ನು ಎರಡು ಅಂತ ಎಣಿಸಿದರೆ 3–3 ಆಗಿಬಿಡುತ್ತದೆ! ಸಮಬಲ ಬಿಡಿಸುವುದಷ್ಟೇ ಅದರ ಕೆಲಸ. ಒಟ್ಟು ಗೋಲಿಗೆ ಅದು ಏನನ್ನೂ ಸೇರಿಸುವುದಿಲ್ಲ.

ಇನ್ನು ಆ ಋತುವಿನ ಸಮೀಕರಣಗಳು. ಎರಡನೇ ಲೆಗ್‌ಗೆ ಕಾಲಿಡುವಾಗ ಯಾರಿಗೆ ಏನು ಬೇಕಿತ್ತು?

ಅಯಾಕ್ಸ್ ತವರಲ್ಲಿ ರಿಯಲ್ ಮ್ಯಾಡ್ರಿಡ್ ಎದುರು 1–2 ಸೋತಿತ್ತು. ಮ್ಯಾಡ್ರಿಡ್‌ನಲ್ಲಿ 1–0 ಗೆದ್ದರೆ ಸಾಲದು, ಒಟ್ಟು 2–2 ಆದರೂ ರಿಯಲ್ ಬಳಿ ಎರಡು ಅವೇ ಗೋಲು. 2–1 ಆದರೆ ಹೆಚ್ಚುವರಿ ಸಮಯ. 2–0 ಅಥವಾ 3–2 ಆದರೆ ಅಯಾಕ್ಸ್. ಆದದ್ದು 4–1.

ಯುನೈಟೆಡ್ ತವರಲ್ಲಿ 0–2 ಸೋತಿತ್ತು. ಪ್ಯಾರಿಸ್‌ನಲ್ಲಿ 2–0 ಗೆದ್ದರೆ ಹೆಚ್ಚುವರಿ ಸಮಯ, 2–1 ಗೆದ್ದರೂ ಔಟ್, 3–1 ಗೆದ್ದರೆ ಪಾಸ್. ಆದದ್ದು ಸರಿಯಾಗಿ 3–1.

ಸ್ಪರ್ಸ್ ತವರಲ್ಲಿ ಅಯಾಕ್ಸ್ ಎದುರು 0–1. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎಷ್ಟು ಗೋಲು ಬಿಟ್ಟುಕೊಟ್ಟರೂ ಅದಕ್ಕಿಂತ ಒಂದು ಹೆಚ್ಚು ಹೊಡೆದರೆ ಸಾಕು, 1–0 ಒಂದನ್ನು ಬಿಟ್ಟು. 2–1, 3–2, 4–3 ಯಾವುದಾದರೂ ನಡೆಯುತ್ತಿತ್ತು. ಹಾಗಾಗಿ ಐದನೇ ನಿಮಿಷಕ್ಕೆ ಅಯಾಕ್ಸ್‌ನ ಡಿ ಲಿಖ್ಟ್ ಹೊಡೆದಾಗ ಸ್ಪರ್ಸ್‌ಗೆ ಬೇಕಾದ ಗೋಲು ಎರಡಾಯಿತು. 35ನೇ ನಿಮಿಷಕ್ಕೆ ಜಿಯೆಶ್ ಹೊಡೆದಾಗ ಮೂರಾಯಿತು. ಹೆಚ್ಚುವರಿ ಸಮಯದ ಬಾಗಿಲು ಮಾತ್ರ ಐದನೇ ನಿಮಿಷಕ್ಕೇ ಮುಚ್ಚಿಹೋಗಿತ್ತು.

ಎಡಗಾಲು

ಆ ಸೆಮಿಫೈನಲ್‌ನಲ್ಲಿ ಅಯಾಕ್ಸ್ ಸೋತದ್ದು ಅವೇ ಗೋಲಿನಿಂದ ಅನ್ನುವುದಕ್ಕಿಂತ ಲೋರೆಂಟೆಯಿಂದ ಅನ್ನಬೇಕು. ಸ್ಪರ್ಸ್ ಸ್ಟ್ರೈಕರ್ ಕೇನ್ ಸಿಟಿ ಎದುರಿನ ಮೊದಲ ಲೆಗ್‌ನಲ್ಲೇ ಪಾದದ ಗಂಟಿಗೆ ಪೆಟ್ಟು ಮಾಡಿಕೊಂಡು ಹೊರಗಿದ್ದರು. ವಿರಾಮಕ್ಕೆ ಸ್ಪರ್ಸ್ ಕೋಚ್ ಪೊಚೆಟಿನೊ ಮಿಡ್‌ಫೀಲ್ಡರ್ ವನ್ಯಾಮಾನನ್ನು ತೆಗೆದು ಎತ್ತರದ ಲೋರೆಂಟೆಯನ್ನು ಇಳಿಸಿದರು. ಅಲ್ಲಿಂದ ಆಟವೇ ಬೇರೆ. ಅಯಾಕ್ಸ್ ಮುಂದೆ ಬಂದು ಒತ್ತುವ ಜಾಗವನ್ನೇ ದಾಟಿಸಿ ಚೆಂಡನ್ನು ನೇರ ಮೇಲಕ್ಕೆ ಎಸೆಯುವುದು, ಲೋರೆಂಟೆ ಜೊತೆ ಸ್ಟಾಪರ್‌ಗಳು ಗುದ್ದಾಡುವಾಗ ಕೆಳಗೆ ಬಿದ್ದದ್ದನ್ನು ಅಲಿ, ಮೌರಾ ಹೆಕ್ಕುವುದು.

ಮೌರಾ 55 ಮತ್ತು 59ನೇ ನಿಮಿಷಕ್ಕೆ ಹೊಡೆದು 2–2 ಮಾಡಿದಾಗಲೂ ಒಟ್ಟಿನಲ್ಲಿ ಅಯಾಕ್ಸ್ 3–2 ಮುಂದೆ. ಆಮೇಲೆ ಜಿಯೆಶ್ ಹೊಡೆತ ಕಂಬಕ್ಕೆ ಬಡಿಯಿತು, ಆ ಕಡೆ ವೆರ್ಟೊಂಗನ್ ಹೊಡೆತ ಅಡ್ಡಪಟ್ಟಿಗೆ. 90ರ ಮೇಲೆ ಐದು ನಿಮಿಷ ಇಂಜುರಿ ಟೈಮ್ ತೋರಿಸಿದ್ದರು, ಮೂರನೇ ಗೋಲು ದಾಖಲಾದದ್ದು 90+6ಕ್ಕೆ. ಸಿಸೊಕೊ ಎಸೆದ ಉದ್ದ ಚೆಂಡು, ಲೋರೆಂಟೆ ಹತ್ತಿರ ಗುದ್ದಾಟ, ಅಲಿಯ ಒಂದು ತಟ್ಟು, ಮೌರಾ ಎಡಗಾಲಲ್ಲಿ ನೆಲಮಟ್ಟದ ಹೊಡೆತ. ಅರ್ಧ ತಾಸು ಅದೇ ಉಪಾಯ ನೋಡಿಯೂ ಅಯಾಕ್ಸ್ ಬಿದ್ದ ಚೆಂಡಿಗೆ ಜನ ನಿಲ್ಲಿಸಲಿಲ್ಲ.

ಕಾರ್ನರ್‌ಬಾವುಟ

ನಿಲ್ಲಿಸುವುದು ಅಷ್ಟು ಸುಲಭ ಅಲ್ರೀ. ಆ ತಂಡ ಹಿಂದೆ ಸರಿದು ಕೂತು ಗೆದ್ದ ತಂಡವಲ್ಲ. ಎರಡನೇ ಅರ್ಹತಾ ಸುತ್ತಿನಿಂದ ಶುರು ಮಾಡಿ ಸ್ಟುರ್ಮ್ ಗ್ರಾಟ್ಸ್, ಸ್ಟಾಂಡರ್ಡ್ ಲಿಯೇಜ್, ಡೈನಮೊ ಕೀವ್ ದಾಟಿ ಗುಂಪಿಗೆ ಬಂದವರು. ಅರ್ಹತೆ 6, ಗುಂಪು 6, ನಾಕೌಟ್ 6, ಒಟ್ಟು 18 ಪಂದ್ಯ. ರಿಯಲ್ ಮತ್ತು ಯುವೆಂಟಸ್ ಎರಡನ್ನೂ ಅವರವರ ಮನೆಯಲ್ಲೇ ಸೋಲಿಸಿದ್ದು ಚೆಂಡು ಹಿಡಿದು ಮುಂದೆ ಒತ್ತುವ ಆಟದಿಂದ. ಅರ್ಧ ಗಂಟೆಗೆ ಬೇರೆ ತಂಡವಾಗಿಬಿಡಿ ಅಂದರೆ ಆಗುವ ಮಾತಲ್ಲ. ಇದರ ಮೇಲೆ ನೆರೆಸ್ ವಾರ್ಮ್-ಅಪ್ ಹೊತ್ತಿಗೆ ಗಾಯಗೊಂಡು, ಡೋಲ್ಬರ್ಗ್ ಆಡಬೇಕಾಯಿತು.

ನಿಯಮದ ಪಾಲೂ ಇದೆ. ಅಯಾಕ್ಸ್ ಲಂಡನ್‌ನಲ್ಲಿ 1–0 ಗೆದ್ದು ಬಂದಿತ್ತು, ತವರಲ್ಲಿ 2–0 ಮುಂದಿತ್ತು. 180 ನಿಮಿಷ ಮುಗಿದಾಗ ಎರಡೂ ತಂಡಕ್ಕೆ ಮೂರು ಮೂರು ಗೋಲು, ಇಬ್ಬರೂ ಒಂದೊಂದು ಪಂದ್ಯ ಗೆದ್ದಿದ್ದಾರೆ, ಅದೂ ಎದುರಾಳಿಯ ಮನೆಯಲ್ಲೇ. ಇದರಲ್ಲಿ ಸ್ಪರ್ಸ್ ಹೆಚ್ಚು ಅರ್ಹರು ಅಂತ ಯಾವ ತಕ್ಕಡಿ ಹೇಳೀತು?

ನಡುರಾತ್ರಿ1230

ದಿನಾಂಕದ ಬಗ್ಗೆ ಒಂದು ಸಣ್ಣ ವಿಷಯ, ಹಳೆಯ ವರದಿ ಹುಡುಕುವವರಿಗೆ ಉಪಯೋಗವಾದೀತು. ಆ ಋತುವಿನ ನಾಕೌಟ್ ಪಂದ್ಯಗಳು ಮಧ್ಯ ಯುರೋಪಿನ ರಾತ್ರಿ 9ಕ್ಕೆ. ಫೆಬ್ರವರಿ–ಮಾರ್ಚ್‌ನಲ್ಲಿ ಅದು ನಮ್ಮಲ್ಲಿ ರಾತ್ರಿ 1.30. 2019ರ ಮಾರ್ಚ್ 31ಕ್ಕೆ ಅಲ್ಲಿ ಗಡಿಯಾರ ಮುಂದೆ ಹೋದ ಮೇಲೆ 12.30. ಹಾಗಾಗಿ ಮೇ 8ರ ಅಯಾಕ್ಸ್ ಪಂದ್ಯ ಇಲ್ಲಿ ಮೇ 9, ಜೂನ್ 1ರ ಫೈನಲ್ ಇಲ್ಲಿ ಜೂನ್ 2. ಪತ್ರಿಕೆಯ ಹಳೆಯ ಪ್ರತಿ ನೋಡುವುದಾದರೆ ಇನ್ನೂ ಒಂದು ದಿನ ಮುಂದಕ್ಕೆ ಹೋಗಿ ನೋಡಿ.

ನೆಟ್‌ಕಂಬ

ಸಿಟಿ–ಸ್ಪರ್ಸ್ ಪಂದ್ಯದ ಕೊನೆಯ ತೀರ್ಪಿನ ಬಗ್ಗೆ ಇವತ್ತಿಗೂ ತಪ್ಪು ವಿವರಣೆ ಓಡಾಡುತ್ತಿದೆ, ಅದನ್ನು ಬಿಡಿಸುತ್ತೇನೆ.

ಏಪ್ರಿಲ್ 9ರ ಮೊದಲ ಲೆಗ್: ಸಿಟಿಯ ಅಗ್ವೆರೊ ಪೆನಾಲ್ಟಿಯನ್ನು ಸ್ಪರ್ಸ್ ಗೋಲಿ ಲೋರಿಸ್ ತಡೆದರು, 78ನೇ ನಿಮಿಷಕ್ಕೆ ಸ್ಪರ್ಸ್‌ನ ಸನ್ ಗೋಲು, 1–0. ಏಪ್ರಿಲ್ 17ರ ಎರಡನೇ ಲೆಗ್: 4ಕ್ಕೆ ಸ್ಟರ್ಲಿಂಗ್, 7 ಮತ್ತು 10ಕ್ಕೆ ಸನ್, 11ಕ್ಕೆ ಬೆರ್ನಾರ್ಡೊ ಸಿಲ್ವಾ, 21ಕ್ಕೆ ಮತ್ತೆ ಸ್ಟರ್ಲಿಂಗ್. 21 ನಿಮಿಷದಲ್ಲಿ ಐದು ಗೋಲು, ಸ್ಕೋರು 3–2. ಸನ್ ಎರಡು ಹೊಡೆದ ಮೇಲೆ ಸಿಟಿಗೆ ಬೇಕಿದ್ದದ್ದು ಒಟ್ಟು ನಾಲ್ಕು. 59ಕ್ಕೆ ಅಗ್ವೆರೊ 4–2 ಮಾಡಿದಾಗ ಎರಡು ಲೆಗ್‌ಗಳ ಈ ಜೋಡಿಯಲ್ಲಿ ಸಿಟಿ ಮೊದಲ ಸಲ ಮುಂದೆ ಬಂದಿತು. 73ಕ್ಕೆ ಟ್ರಿಪಿಯರ್ ಕಾರ್ನರ್, ಚೆಂಡು ಲೋರೆಂಟೆಯ ಸೊಂಟಕ್ಕೆ ತಾಗಿ ಒಳಗೆ. 4–3, ಒಟ್ಟು 4–4, ಅವೇ ಗೋಲು 3–0. ಅಂದರೆ ಸಿಟಿಗೆ ಐದನೆಯದು ಬೇಕು.

90+3ಕ್ಕೆ ಎರಿಕ್ಸನ್ ಹಿಂದಕ್ಕೆ ಆಡಿದ ಚೆಂಡು ದಾರಿ ತಪ್ಪಿ ಅಗ್ವೆರೊ ಕಾಲಿಗೆ ಬಂತು, ಅವನು ಸ್ಟರ್ಲಿಂಗ್‌ಗೆ ಕೊಟ್ಟ, ಗೋಲು. ಇಡೀ ಕ್ರೀಡಾಂಗಣ ಕುಣಿಯುತ್ತಿತ್ತು. ಅಷ್ಟರಲ್ಲಿ ವಿಎಆರ್ (ವಿಡಿಯೊ ನೋಡಿ ತೀರ್ಪು ತಿದ್ದುವ ವ್ಯವಸ್ಥೆ): ಅಗ್ವೆರೊ ಆಫ್‌ಸೈಡ್. "ಎದುರಾಳಿ ಕೊಟ್ಟ ಚೆಂಡಿಗೆ ಆಫ್‌ಸೈಡ್ ಎಲ್ಲಿಂದ ಬಂತು?" ಎಂದು ಕೇಳುವವರು ನಡುವಿನ ಒಂದು ತಟ್ಟನ್ನು ಮರೆಯುತ್ತಾರೆ. ಎರಿಕ್ಸನ್ ಬಿಟ್ಟ ಚೆಂಡು ಬೆರ್ನಾರ್ಡೊ ಸಿಲ್ವಾಗೆ ತಾಗಿ ಅಗ್ವೆರೊ ಕಡೆ ತಿರುಗಿತು. ಕೊನೆಗೆ ತಾಗಿದ್ದು ಸಹ ಆಟಗಾರನಿಗೆ, ಆ ಗಳಿಗೆಯಲ್ಲಿ ಅಗ್ವೆರೊ ಗೆರೆ ದಾಟಿದ್ದ. ಬೆರ್ನಾರ್ಡೊಗೆ ತಾಗದೇ ನೇರ ಹೋಗಿದ್ದರೆ ಗೋಲು ನಿಲ್ಲುತ್ತಿತ್ತು, 5–3, ಸಿಟಿ ಪಾಸ್.

ಲೋರೆಂಟೆ ಗೋಲಿನ ಕತೆ ಬೇರೆ. ಚೆಂಡು ಸೊಂಟಕ್ಕೆ ಮುಂಚೆ ಕೈಗೆ ಸವರಿತೇ ಎಂದು ರೆಫರಿ ಚಾಕಿರ್ ಮಾನಿಟರ್‌ನಲ್ಲಿ ನೋಡಿ ಗೋಲು ಉಳಿಸಿದರು. ಆಗಿನ ನಿಯಮದಲ್ಲಿ ಹ್ಯಾಂಡ್‌ಬಾಲ್ ಅನ್ನಲು ಬೇಕೆಂದೇ ಕೈ ಒಡ್ಡಿರಬೇಕು. ಮುಂದಿನ ಋತುವಿಗೆ ನಿಯಮ ಬದಲಾಗಿ, ಆಕ್ರಮಣ ಮಾಡುವವನ ಕೈಗೆ ಅರಿವಿಲ್ಲದೆ ತಾಗಿ ಆದ ಗೋಲೂ ರದ್ದು ಎಂದಾಯಿತು. ಹಾಗಾಗಿ 2019–20ರಲ್ಲಿ ಅದೇ ಚೆಂಡು ಬಂದಿದ್ದರೆ ಚರ್ಚೆ ಸೊಂಟವೋ ಕೈಯೋ ಅನ್ನುವಲ್ಲೇ ಮುಗಿಯುತ್ತಿತ್ತು.

ಸಬ್‌ಸ್ಟಿಟ್ಯೂಟ್‌ಬೆಂಚು

ವಿಎಆರ್ ಆ ಋತುವಿನಲ್ಲಿ ಬರುವುದಕ್ಕೇ ಇರಲಿಲ್ಲ ಮಾರಾಯ್ರೆ. 2019–20ರಿಂದ ಅಂತ ತೀರ್ಮಾನವಾಗಿತ್ತು. 2018ರ ಡಿಸೆಂಬರ್‌ನಲ್ಲಿ ಯುಇಎಫ್‌ಎ (ಯುರೋಪಿನ ಫುಟ್‌ಬಾಲ್ ಸಂಸ್ಥೆ) ಅದನ್ನು ಹಿಂದಕ್ಕೆ ಎಳೆದು ಫೆಬ್ರವರಿಯ ಪ್ರಿ ಕ್ವಾರ್ಟರ್‌ಗೇ ತಂದಿತು. ಗುಂಪು ಹಂತ ವಿಎಆರ್ ಇಲ್ಲದೆ, ನಾಕೌಟ್ ವಿಎಆರ್ ಜೊತೆ. ಒಂದೇ ಟೂರ್ನಿ, ಎರಡು ಬಗೆ.

ಅದರ ಮೊದಲ ಏಟು ಬಿದ್ದದ್ದು ಅಯಾಕ್ಸ್‌ಗೆ. ರಿಯಲ್ ಎದುರಿನ ಮೊದಲ ಲೆಗ್‌ನಲ್ಲಿ ತಾಲಿಯಾಫಿಕೊ ತಲೆಯಿಂದ ಹೊಡೆದ ಗೋಲು ರದ್ದಾಯಿತು, ಟಾಡಿಚ್ ಆಫ್‌ಸೈಡ್ ಜಾಗದಲ್ಲಿ ನಿಂತು ಗೋಲಿ ಕೊರ್ಟುವಾಗೆ ಅಡ್ಡಿಯಾಗಿದ್ದನೆಂದು. ರೆಫರಿ ಸ್ಕೊಮಿನಾ. ಅದೇ ಸ್ಕೊಮಿನಾ ಮಾರ್ಚ್ 6ರಂದು ಪ್ಯಾರಿಸ್‌ನಲ್ಲಿ. ಯುನೈಟೆಡ್‌ನ ಡಲೊ ಹೊಡೆದ ಚೆಂಡು ಪಿಎಸ್‌ಜಿಯ ಕಿಂಪೆಂಬೆ ಕೈಗೆ ತಾಗಿ ಹೊರಗೆ ಹೋಯಿತು, ಮೊದಲು ಕೊಟ್ಟದ್ದು ಕಾರ್ನರ್. ಆಮೇಲೆ ಮಾನಿಟರ್ ನೋಡಿ ಪೆನಾಲ್ಟಿ. 90+4ಕ್ಕೆ ರ‍್ಯಾಶ್‌ಫರ್ಡ್ ಪಿಎಸ್‌ಜಿ ಗೋಲಿ ಬುಫೊನ್ ಎದುರು ಹೊಡೆದು 3–1. ಫೈನಲ್‌ಗೂ ಸ್ಕೊಮಿನಾ ಅವರೇ, ಅಲ್ಲೂ ಮೊದಲ ಅರ್ಧ ನಿಮಿಷದೊಳಗೆ ಸಿಸೊಕೊ ಕೈಗೆ ಚೆಂಡು ತಾಗಿ ಪೆನಾಲ್ಟಿ.

ಎಡಗಾಲು

ಪ್ಯಾರಿಸ್ ಪಂದ್ಯದಲ್ಲಿ ಪೆನಾಲ್ಟಿ ಒಂದನ್ನೇ ಹಿಡಿದು ಮಾತಾಡಿದರೆ ಪಿಎಸ್‌ಜಿ ತಪ್ಪಿಸಿಕೊಂಡಂತೆ ಆಗುತ್ತದೆ. ಯುನೈಟೆಡ್‌ಗೆ ಹತ್ತು ಜನ ಲಭ್ಯ ಇರಲಿಲ್ಲ, ಪೊಗ್ಬಾಗೆ ಮೊದಲ ಲೆಗ್‌ನಲ್ಲಿ ಕೆಂಪು ಕಾರ್ಡ್. ಎರಡನೇ ನಿಮಿಷಕ್ಕೆ ಕೇರರ್ ಹಿಂದಕ್ಕೆ ಕೊಟ್ಟ ಚೆಂಡನ್ನು ಲುಕಾಕು ಕದ್ದು ಹೊಡೆದ. 30ಕ್ಕೆ ರ‍್ಯಾಶ್‌ಫರ್ಡ್ ಹೊಡೆತ ಬುಫೊನ್ ಕೈಜಾರಿ ಮತ್ತೆ ಲುಕಾಕು. ಎರಡೂ ಪಿಎಸ್‌ಜಿ ತಾನಾಗಿ ಕೊಟ್ಟದ್ದು. ನಡುವೆ 12ಕ್ಕೆ ಬೆರ್ನಾಟ್ ಗೋಲು.

30ರಿಂದ 90ರವರೆಗೆ ಸ್ಕೋರು 1–2, ಒಟ್ಟು 3–2, ಪಿಎಸ್‌ಜಿ ಮುಂದೆ. ಇಲ್ಲಿ ನಿಯಮದ ಆಟ ನೋಡಿ. ಯುನೈಟೆಡ್ ಒಂದು ಹೊಡೆದರೆ ಹೆಚ್ಚುವರಿ ಸಮಯವೂ ಇಲ್ಲ, ಪಿಎಸ್‌ಜಿ ನೇರ ಔಟ್. ಪಿಎಸ್‌ಜಿ ಒಂದು ಹೊಡೆದರೆ ಯುನೈಟೆಡ್‌ಗೆ ಮತ್ತೆ ಎರಡು ಬೇಕು. ಮುಂದೆ ಹೋಗಬೇಕೋ, ಕೂರಬೇಕೋ? ಪಿಎಸ್‌ಜಿ ಎರಡನ್ನೂ ಪೂರ್ತಿ ಮಾಡಲಿಲ್ಲ, ಚೆಂಡನ್ನು ಅತ್ತಿತ್ತ ಸುತ್ತಿಸುತ್ತಾ ಗಂಟೆ ಕಳೆದರು. 1992ರಿಂದೀಚೆ ಚಾಂಪಿಯನ್ಸ್ ಲೀಗ್‌ನಲ್ಲಿ ಮೊದಲ ಲೆಗ್ ತವರಲ್ಲಿ ಎರಡು ಗೋಲಿನಿಂದ ಸೋತು ಮುಂದೆ ಹೋದ ತಂಡ ಅದಕ್ಕೆ ಮುಂಚೆ ಇರಲಿಲ್ಲ.

ಲೆಕ್ಕದಪುಸ್ತಕ

ಒಂದು ಎಣಿಕೆ ಮಾಡಿ ನೋಡಿದರೆ ಈ ಋತುವಿನ ವಿಚಿತ್ರ ಕಾಣುತ್ತದೆ. ಎರಡು ಲೆಗ್‌ಗಳ ಜೋಡಿಗಳು ಒಟ್ಟು 14. ಎರಡನೇ ಲೆಗ್ ತವರಲ್ಲಿ ಆಡುವುದು ಲಾಭ ಅಂತ ಎಲ್ಲರೂ ಹೇಳುತ್ತಾರೆ, ಆಗ ಗುಂಪಿನಲ್ಲಿ ಮೊದಲು ಬಂದವರಿಗೆ ಪ್ರಿ ಕ್ವಾರ್ಟರ್‌ನಲ್ಲಿ ಕೊಡುತ್ತಿದ್ದ ಬಹುಮಾನವೂ ಅದೇ. ಆದರೆ 14ರಲ್ಲಿ ಅಂಥ ತಂಡ ಮುಂದೆ ಹೋದದ್ದು 6 ಸಲ. ಎರಡನೇ ಲೆಗ್ ಹೊರಗೆ ಆಡಿದವರು 8 ಸಲ. ಗುಂಪಿನ ಅಗ್ರ ತಂಡಗಳಲ್ಲಿ ಪಿಎಸ್‌ಜಿ, ಡಾರ್ಟ್‌ಮಂಡ್, ರಿಯಲ್, ಬಯರ್ನ್ ನಾಲ್ಕೂ ಪ್ರಿ ಕ್ವಾರ್ಟರ್‌ನಲ್ಲೇ ಹೋದವು.

ಎರಡನೇ ಲೆಗ್ ಪಂದ್ಯಗಳನ್ನಷ್ಟೇ ತೆಗೆದರೆ 7ರಲ್ಲಿ ತವರಿನವರು ಗೆದ್ದರು, 7ರಲ್ಲಿ ಅತಿಥಿಗಳು. ಡ್ರಾ ಒಂದೂ ಇಲ್ಲ. ಅವೇ ಗೋಲಿನಿಂದ ತೀರ್ಮಾನವಾದ ಮೂರು ಜೋಡಿಗಳಲ್ಲೂ ಗೆದ್ದವರು ಎರಡನೇ ಲೆಗ್‌ನಲ್ಲಿ ಅತಿಥಿಗಳು, ಮೂರರಲ್ಲೂ ಆ ರಾತ್ರಿ ಹೊರಗೆ ಹೊಡೆದದ್ದು ಮೂರು ಗೋಲು.

ನಿಯಮ ಬಂದದ್ದು 1965ರಲ್ಲಿ, ಅತಿಥಿ ತಂಡ ಹೊರಗೆ ಹೋಗಿ ಬರೀ ಗೋಡೆ ಕಟ್ಟಿ ಕೂರದಿರಲಿ ಎಂದು. 2021ರ ಜೂನ್‌ನಲ್ಲಿ ತೆಗೆಯುವಾಗ ಯುಇಎಫ್‌ಎ ಕೊಟ್ಟ ಅಂಕಿ: 1970ರ ದಶಕದ ನಡುವಿನಲ್ಲಿ ತವರು ಗೆಲುವು 61%, ಹೊರಗಿನ ಗೆಲುವು 19%. ಅದು 47% ಮತ್ತು 30%ಕ್ಕೆ ಬಂದಿತ್ತು. ಸರಾಸರಿ ಗೋಲು ತವರಲ್ಲಿ 2.02ರಿಂದ 1.58ಕ್ಕೆ ಇಳಿದು, ಹೊರಗೆ 0.95ರಿಂದ 1.15ಕ್ಕೆ ಏರಿತ್ತು. ಹೊರಗೆ ಹೊಡೆಯುವುದೇ ಅಷ್ಟು ಕಷ್ಟವಲ್ಲ ಎಂದಮೇಲೆ ಅದಕ್ಕೆ ವಿಶೇಷ ಮರ್ಯಾದೆ ಯಾಕೆ? 2018–19ರ ಎರಡನೇ ಲೆಗ್‌ಗಳು ಆ ವಾದವನ್ನು ಎರಡು ವರ್ಷ ಮುಂಚೆಯೇ ಆಡಿ ತೋರಿಸಿದ್ದವು.

ಕಾರ್ನರ್‌ಬಾವುಟ

ನಿಯಮದಿಂದ ತೀರ್ಮಾನವಾಗದ ಪಂದ್ಯದಲ್ಲೂ ಅದರ ನೆರಳು ಇರುತ್ತಿತ್ತು. ಲಿವರ್‌ಪೂಲ್ ತವರು ಆನ್‌ಫೀಲ್ಡ್‌ನ ಸೆಮಿಫೈನಲ್ ತಗೊಳ್ಳಿ. ಬಾರ್ಸಿಲೋನಾ 3–0 ಗೆದ್ದು ಬಂದಿತ್ತು. ಅಲ್ಲಿ ಒಂದೇ ಒಂದು ಗೋಲು ಹೊಡೆದಿದ್ದರೆ ಲಿವರ್‌ಪೂಲ್‌ಗೆ ಐದು ಬೇಕಾಗುತ್ತಿತ್ತು. 3–0 ಮುಂದಿರುವ ತಂಡವೂ ಅದಕ್ಕೇ ಮುಂದೆ ಹೋಗುತ್ತದೆ. ಮೊದಲಾರ್ಧದಲ್ಲಿ ಮೆಸ್ಸಿ, ಆಲ್ಬಾ, ಕುಟಿನ್ಯೊ ಹೊಡೆತಗಳನ್ನು ಗೋಲಿ ಅಲಿಸನ್ ತಡೆದದ್ದು ಒರಿಗಿಯ ಎರಡು ಗೋಲಿನಷ್ಟೇ ಬೆಲೆಯದು. ಮೊದಲ ಲೆಗ್‌ನ ಕೊನೆಗಳಿಗೆಯಲ್ಲಿ ಡೆಂಬೆಲೆ ಕೈಗೆ ಕೊಟ್ಟಂತಿದ್ದ ಅವಕಾಶ ಹಾಳುಮಾಡದೆ 4–0 ಆಗಿದ್ದರೆ ಈ ಮಾತೇ ಇರುತ್ತಿರಲಿಲ್ಲ.

ಸಾಲಾ, ಫಿರ್ಮಿನೊ ಇಬ್ಬರೂ ಇಲ್ಲ. 7ಕ್ಕೆ ಒರಿಗಿ. ವಿರಾಮಕ್ಕೆ ಗಾಯಗೊಂಡ ರಾಬರ್ಟ್‌ಸನ್ ಹೊರಗೆ, ಮಿಲ್ನರ್ ಎಡ ಬ್ಯಾಕ್‌ಗೆ, ವೈನಾಲ್ಡಮ್ ಒಳಗೆ. 54 ಮತ್ತು 56ಕ್ಕೆ ವೈನಾಲ್ಡಮ್. ಒಟ್ಟು 3–3, ಅವೇ ಗೋಲು ಎರಡೂ ಕಡೆ ಸೊನ್ನೆ. 79ಕ್ಕೆ ಆ ಕಾರ್ನರ್: ಅಲೆಕ್ಸಾಂಡರ್-ಅರ್ನಾಲ್ಡ್ ಚೆಂಡಿಟ್ಟು ಎರಡು ಹೆಜ್ಜೆ ದೂರ ಹೋದಂತೆ ಮಾಡಿ ತಿರುಗಿ ಹೊಡೆದ, ಒರಿಗಿ ಗೋಲು, 4–0. ಬಾರ್ಸಾದವರು ಇನ್ನೂ ಜಾಗಕ್ಕೆ ನಿಲ್ಲುತ್ತಿದ್ದರು, ಕೆಲವರ ಮುಖ ಬೇರೆ ಕಡೆ. ಹಿಂದಿನ ವರ್ಷ ರೋಮಾದಲ್ಲಿ 4–1 ಮುನ್ನಡೆ ಇದ್ದೂ 0–3 ಸೋತು ಅವೇ ಗೋಲಿನಿಂದ ಹೋದ ತಂಡ ಅದು. ಒಂದು ವರ್ಷದಲ್ಲಿ ಕಲಿತದ್ದು ಅಷ್ಟಕ್ಕಷ್ಟೇ.

ಸಬ್‌ಸ್ಟಿಟ್ಯೂಟ್‌ಬೆಂಚು

ಹಳದಿ ಕಾರ್ಡ್ ಲೆಕ್ಕವನ್ನೂ ಸೇರಿಸಿ. ಬೇರೆ ಬೇರೆ ಪಂದ್ಯಗಳಲ್ಲಿ ಮೂರು ಹಳದಿ ಆದರೆ ಒಂದು ಪಂದ್ಯ ನಿಷೇಧ, ಕ್ವಾರ್ಟರ್ ಫೈನಲ್ ಮುಗಿದ ಮೇಲೆ ಹಳೆಯ ಹಳದಿ ಅಳಿಸಿಹೋಗುತ್ತದೆ. ರಿಯಲ್ ನಾಯಕ ರಾಮೊಸ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2–1 ಮುಂದಿರುವಾಗ ಕೊನೆಯ ನಿಮಿಷಗಳಲ್ಲಿ ಬೇಕೆಂದೇ ಕಾರ್ಡ್ ತೆಗೆದುಕೊಂಡರು, ತವರಿನ ಎರಡನೇ ಲೆಗ್ ತಪ್ಪಿಸಿಕೊಂಡರೆ ಕ್ವಾರ್ಟರ್‌ಗೆ ಲೆಕ್ಕ ಚುಕ್ತಾ ಎಂದು. ಯುಇಎಫ್‌ಎ ಎರಡು ಪಂದ್ಯ ನಿಷೇಧ ಹಾಕಿತು. ಅವರು ಗ್ಯಾಲರಿಯಲ್ಲಿ ಕೂತಿದ್ದಾಗ ತಂಡ 1–4 ಸೋತಿತು, ಮೂರು ವರ್ಷದ ಸತತ ಚಾಂಪಿಯನ್ ಪಟ್ಟ ಮುಗಿಯಿತು.

ಆ ವರ್ಷ ಬಂದ ಇನ್ನೊಂದು ಬದಲಾವಣೆ, ಹೆಚ್ಚುವರಿ ಸಮಯದಲ್ಲಿ ನಾಲ್ಕನೇ ಬದಲಿ ಆಟಗಾರ. ಉಪಯೋಗಕ್ಕೆ ಬರಬಹುದಾಗಿದ್ದ ಜೋಡಿ ಒಂದೇ, ಪೋರ್ಟೊ–ರೋಮಾ. ಅದು 117ನೇ ನಿಮಿಷದ ಟೆಲ್ಲೆಸ್ ಪೆನಾಲ್ಟಿಯಿಂದ ಮುಗಿಯಿತು, ಅದೂ ವಿಎಆರ್ ಕರೆದದ್ದು.

ಅಂಚುಗೆರೆ

ಹಾಗಾದರೆ ಈಗಿನ ನಿಯಮ ಹಾಕಿದರೆ? ಮೂರು ಜೋಡಿಗಳು ಹೆಚ್ಚುವರಿ ಸಮಯಕ್ಕೆ ಹೋಗುತ್ತಿದ್ದವು, ಮುಂದಿನದು ಊಹೆ. ಆದರೆ ಸ್ಪರ್ಸ್ ಗುಂಪು ಹಂತ ದಾಟಿದ್ದೂ ಅವೇ ಗೋಲಿನಿಂದ ಅಲ್ಲವೇ? ಅದಿಲ್ಲದಿದ್ದರೆ ಅವರು ನಾಕೌಟ್‌ಗೇ ಬರುತ್ತಿರಲಿಲ್ಲ ಅಂತ ಕೆಲವರು ಬರೆಯುತ್ತಾರೆ.

ಲೆಕ್ಕದಪುಸ್ತಕ

ಬರುತ್ತಿದ್ದರು. ಬಿ ಗುಂಪಿನಲ್ಲಿ ಸ್ಪರ್ಸ್, ಇಂಟರ್ ಇಬ್ಬರಿಗೂ 8 ಅಂಕ. ಪರಸ್ಪರ ಪಂದ್ಯ: ಮಿಲಾನ್‌ನಲ್ಲಿ ಇಂಟರ್ 2–1, ಲಂಡನ್‌ನಲ್ಲಿ ಸ್ಪರ್ಸ್ 1–0. ಗೋಲು 2–2, ಎರಿಕ್ಸನ್ ಮಿಲಾನ್‌ನಲ್ಲಿ ಹೊಡೆದ ಒಂದು ಅವೇ ಗೋಲು ಸ್ಪರ್ಸ್‌ನ್ನು ದಾಟಿಸಿತು. ಆ ಮೆಟ್ಟಿಲನ್ನು ತೆಗೆದರೆ ಮುಂದಿನದು ಇಡೀ ಗುಂಪಿನ ಗೋಲು ವ್ಯತ್ಯಾಸ. ಸ್ಪರ್ಸ್ 9–10, ಇಂಟರ್ 6–7, ಇಬ್ಬರದೂ –1. ಆಮೇಲೆ ಹೊಡೆದ ಗೋಲು: 9ಕ್ಕೆ 6. ಸ್ಪರ್ಸ್ ಪಾಸ್.

ಲಿವರ್‌ಪೂಲ್ ಕತೆ ಇನ್ನೂ ಬಿಗಿ. ಸಿ ಗುಂಪಿನಲ್ಲಿ ಹೊರಗಿನ ಮೂರೂ ಪಂದ್ಯ ಸೋತು, ಕೊನೆಯ ದಿನ ನಾಪೊಲಿ ಜೊತೆ 9 ಅಂಕದಲ್ಲಿ ಸಮ. ಪರಸ್ಪರ 1–0, 1–0. ಗುಂಪಿನ ವ್ಯತ್ಯಾಸ ಇಬ್ಬರದೂ +2, ಹೊಡೆದದ್ದು 9ಕ್ಕೆ 7, ಹಾಗೆ ದಾಟಿದರು. ಆ ರಾತ್ರಿ ಆನ್‌ಫೀಲ್ಡ್‌ನಲ್ಲಿ 2–1 ಗೆದ್ದಿದ್ದರೂ ಲಿವರ್‌ಪೂಲ್ ಔಟ್ ಆಗುತ್ತಿತ್ತು, ನಾಪೊಲಿಗೆ ಅವೇ ಗೋಲು ಸಿಗುತ್ತಿತ್ತು. 1–0 ಆಗಬೇಕು, ಇಲ್ಲವೇ ಎರಡು ಗೋಲಿನ ಅಂತರ ಬೇಕು. ಕೊನೆಯಲ್ಲಿ ಮಿಲಿಕ್ ಹೊಡೆತವನ್ನು ಅಲಿಸನ್ ತಡೆಯದಿದ್ದರೆ 1–1, ಕತೆ ಡಿಸೆಂಬರ್‌ನಲ್ಲೇ ಮುಗಿಯುತ್ತಿತ್ತು.

ನೆಟ್‌ಕಂಬ

ಈಗಿನ ನಿಯಮದ ಪರ ಇರುವವರಿಗೆ ಒಂದು ಮಾತು. ಈಗ ಎರಡನೇ ಲೆಗ್ ತವರಲ್ಲಿ ಆಡುವವರಿಗೆ ಹೆಚ್ಚುವರಿ 30 ನಿಮಿಷವೂ ತವರಲ್ಲೇ, ಎದುರಾಳಿಗೆ ಅದಕ್ಕೆ ಬದಲು ಏನೂ ಇಲ್ಲ. ಹಿಂದೆ ಅತಿಥಿ ತಂಡಕ್ಕೆ ಅಲ್ಲಿ ಅವೇ ಗೋಲಿನ ಲಾಭವಾದರೂ ಇತ್ತು. ಪೋರ್ಟೊದಲ್ಲಿ ಆ 30 ನಿಮಿಷದಲ್ಲಿ ರೋಮಾ ಒಂದು ಹೊಡೆದಿದ್ದರೆ ಪೋರ್ಟೊಗೆ ಎರಡು ಬೇಕಾಗುತ್ತಿತ್ತು. ಅದು ಅತಿಯಾಯಿತು, ಒಪ್ಪೋಣ. ನನ್ನ ಮಟ್ಟಿಗೆ ಹೆಚ್ಚುವರಿ ಸಮಯದಲ್ಲಿ ಮಾತ್ರ ಅದನ್ನು ತೆಗೆದು 90 ನಿಮಿಷಕ್ಕೆ ಉಳಿಸಿದ್ದರೆ ಸಾಕಿತ್ತು.

ಕಾರ್ನರ್‌ಬಾವುಟ

ಹಾಗೆ ಮಾಡಿದ್ದರೂ ಅಯಾಕ್ಸ್ 90+6ಕ್ಕೇ ಔಟ್ ರೀ. ಆ ಮೂರು ಜೋಡಿಗಳಲ್ಲಿ ಒಂದೂ 30 ನಿಮಿಷದವರೆಗೆ ಹೋಗುತ್ತಿರಲಿಲ್ಲ.